ಹೊಸ ರೈಫಲ್ ನಳಿಗೆಯನ್ನು ಪಳಗಿಸಬೇಕೆ?

ಹೊಸ ರೈಫಲ್ಲನ್ನೋ ಹಳೆಯ ರೈಫಲ್ಲಿಗೆ ಹೊಸ ನಳಿಗೆಯನ್ನೋ ಕೊಂಡವರಿಗೆ ಅನುಭವಿಗಳಿಂದ ಬರುವ ಮೊದಲ ಸಲಹೆ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ಒಂದು ಗುಂಡು ಹಾರಿಸಬೇಕು, ನಳಿಗೆಯ ಒಳಮೈಯಲ್ಲಿ ತಾಮ್ರದ ಲೇಶವೂ ಉಳಿಯದಂತೆ ತೊಳೆಯಬೇಕು, ಮತ್ತೊಂದು ಗುಂಡು ಹಾರಿಸಿ ಮತ್ತೆ ತೊಳೆಯಬೇಕು, ಹೀಗೆ ಹತ್ತಿಪ್ಪತ್ತು ಸುತ್ತು ನಡೆಸಿದ ಮೇಲೆಯೇ ಅದನ್ನು ನಿಜವಾದ ಬಳಕೆಗೆ ತರಬೇಕು. ಬ್ರೇಕ್-ಇನ್ ಎಂದು ಹೆಸರಾದ, ನಳಿಗೆಯನ್ನು ಪಳಗಿಸುವ ಈ ಕ್ರಮವು ಅಮೆರಿಕದ ಗುರಿಕಾರರ ವಲಯದಲ್ಲಿ, ಅದರಲ್ಲೂ ರೈಫಲ್ಲನ್ನು ಮೇಜಿನ ಮೇಲೆ ಊರಿ ಐದೋ ಹತ್ತೋ ಗುಂಡುಗಳನ್ನು ಸಾಧ್ಯವಾದಷ್ಟು ಕಿರಿದಾದ ಜಾಗದಲ್ಲಿ ಕೂರಿಸಲು ಯತ್ನಿಸುವ ಬೆಂಚ್‌ರೆಸ್ಟ್ ಸ್ಪರ್ಧಿಗಳಲ್ಲಿ ಬೇರೂರಿ, ಅಲ್ಲಿಂದ ಬೇಟೆಗಾರರಿಗೂ ಹವ್ಯಾಸಿಗಳಿಗೂ ಇತರ ದೇಶಗಳಿಗೂ ಹಬ್ಬಿತು. ಆದರೆ ನಳಿಗೆಗಳನ್ನು ತಯಾರಿಸುವ ಹೆಸರಾಂತ ಕಸುಬುದಾರರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಕೆಲವರು ಇದನ್ನು ವಿಧಿಸುತ್ತಾರೆ, ಕೆಲವರು ಇದರಿಂದ ಲಾಭವೂ ಇಲ್ಲ ಹಾನಿಯೂ ಇಲ್ಲ ಎನ್ನುತ್ತಾರೆ, ಮತ್ತೆ ಕೆಲವರು ಇದು ನಳಿಗೆಯ ಆಯುಷ್ಯವನ್ನು ವೃಥಾ ಕಳೆಯುವ ಕೆಲಸವೆಂದು ನೇರವಾಗಿ ಹೇಳಿದ್ದಾರೆ. ಈ ಭಿನ್ನಾಭಿಪ್ರಾಯದ ಮೂಲವನ್ನು ಹುಡುಕಬೇಕಾದರೆ ನಳಿಗೆಯ ಒಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕಾಗುತ್ತದೆ.

ರೈಫಲ್ಲಿನ ನಳಿಗೆಯ ಒಳಮೈ ನುಣುಪಾದ ಕೊಳವೆಯಲ್ಲ. ಅದರ ಉದ್ದಕ್ಕೂ ಸುರುಳಿಯಾಗಿ ಸಾಗುವ ನಾಲ್ಕೋ ಐದೋ ಆರೋ ತೋಡುಗಳಿದ್ದು, ಎರಡು ತೋಡುಗಳ ನಡುವೆ ಎತ್ತರವಾಗಿ ಉಳಿದ ಭಾಗವನ್ನು ಏಣು ಎನ್ನಬಹುದು. ಗುಂಡು ಈ ಏಣುಗಳಿಗೆ ಕಚ್ಚಿಕೊಂಡು ತಿರುಗುತ್ತ ಹೊರಬರುವುದರಿಂದಲೇ ಅದು ಗಾಳಿಯಲ್ಲಿ ಮಗುಚದೆ ನೇರವಾಗಿ ಸಾಗುತ್ತದೆ. ಬಹಳ ಬಳಕೆಯಲ್ಲಿರುವ .308 ವಿಂಚೆಸ್ಟರ್ ತೋಟಾದ ನಳಿಗೆಯಲ್ಲಿ ಏಣಿನಿಂದ ಏಣಿಗೆ ಅಗಲ 7.62 ಮಿಲಿಮೀಟರ್, ತೋಡಿನಿಂದ ತೋಡಿಗೆ 7.82 ಮಿಲಿಮೀಟರ್, ಎಂದರೆ ಗುಂಡನ್ನು ಹಿಡಿದು ತಿರುಗಿಸುವ ಏಣಿನ ಎತ್ತರ ಕೇವಲ 0.1 ಮಿಲಿಮೀಟರ್. ಹತ್ತು ಇಂಚಿಗೆ ಒಂದು ಸುತ್ತು ಸುತ್ತುವ ನಳಿಗೆಯಿಂದ ಸೆಕೆಂಡಿಗೆ 850 ಮೀಟರ್ ವೇಗದಲ್ಲಿ ಹೊರಬೀಳುವ ಗುಂಡು ಸೆಕೆಂಡಿಗೆ ಮೂರು ಸಾವಿರಕ್ಕೂ ಹೆಚ್ಚು ಬಾರಿ ತಿರುಗುತ್ತಿರುತ್ತದೆ. ಗುಂಡು ನಳಿಗೆಯೊಳಗೆ ಕಳೆಯುವ ಕಾಲ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. ಆ ಲೆಕ್ಕದಲ್ಲಿ ಐದು ಸಾವಿರ ಗುಂಡುಗಳನ್ನು ಹಾರಿಸಿ ಸವೆದುಹೋದ ನಳಿಗೆ ತನ್ನ ಇಡೀ ಬದುಕಿನಲ್ಲಿ ನಿಜವಾಗಿ ದುಡಿದದ್ದು ಆರೇಳು ಸೆಕೆಂಡುಗಳಷ್ಟೇ, ಆ ಸೆಕೆಂಡುಗಳಲ್ಲಿ ಅದು ತಾಳಿಕೊಂಡ ಗರಿಷ್ಠ ಒತ್ತಡ ವಾಯುಮಂಡಲದ ಒತ್ತಡದ ಸುಮಾರು ನಾಲ್ಕು ಸಾವಿರ ಪಟ್ಟು.

ಇಷ್ಟು ಸೂಕ್ಷ್ಮವಾದ ಒಳಮೈಯನ್ನು ರೂಪಿಸುವ ವಿಧಾನಗಳು ಹಲವು, ಪಳಗಿಸುವ ಪ್ರಶ್ನೆಗೆ ಉತ್ತರವೂ ಬಹುಪಾಲು ಈ ವಿಧಾನಗಳಲ್ಲೇ ಅಡಗಿದೆ. ಕ್ರೋಮಿಯಂ ಮತ್ತು ಮಾಲಿಬ್ಡಿನಂ ಬೆರೆತ 4140 ಎಂಬ ಉಕ್ಕಿನ, ಇಲ್ಲವೆ 416ಆರ್ ಎಂಬ ತುಕ್ಕುನಿರೋಧಕ ಉಕ್ಕಿನ ದಪ್ಪ ಸರಳನ್ನು ಉದ್ದಕ್ಕೂ ಕೊರೆದು, ಆ ರಂಧ್ರವನ್ನು ರೀಮರ್ ಎಂಬ ಬಹುಅಲಗಿನ ಉಪಕರಣದಿಂದ ನಿಖರವಾದ ಅಳತೆಗೆ ತಂದ ಮೇಲೆ ತೋಡುಗಳನ್ನು ಮೂಡಿಸಲಾಗುತ್ತದೆ. ಹಳೆಯ ಪದ್ಧತಿಯಲ್ಲಿ ಒಂದೇ ಅಲಗಿನ ಉಳಿಯೊಂದು ರಂಧ್ರದಲ್ಲಿ ನೂರಾರು ಬಾರಿ ಹಾದು ಪ್ರತಿಸಲವೂ ಕಣ್ಣಿಗೆ ಕಾಣದಷ್ಟು ತೆಳುವಾಗಿ ಲೋಹವನ್ನು ಹೆರೆಯುತ್ತದೆ. ಇದನ್ನು ಕಟ್ ರೈಫ್ಲಿಂಗ್ ಎನ್ನುತ್ತಾರೆ. ಇನ್ನೊಂದು ಪದ್ಧತಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಬಟನ್ ಒಂದನ್ನು ರಂಧ್ರದ ಮೂಲಕ ಎಳೆದು ಅಥವಾ ತಳ್ಳಿ, ಲೋಹವನ್ನು ಹೆರೆಯದೆ ಒತ್ತಿ ತೋಡು ಮಾಡುತ್ತಾರೆ. ಎರಡನೆಯ ಮಹಾಯುದ್ಧದ ಸುಮಾರಿಗೆ ಜರ್ಮನಿಯಲ್ಲಿ ಬೆಳೆದ ಮೂರನೆಯ ಪದ್ಧತಿಯಲ್ಲಿ ತೋಡುಗಳ ಪಡಿಯಚ್ಚನ್ನು ಹೊತ್ತ ಸರಳೊಂದನ್ನು ರಂಧ್ರದೊಳಗೆ ಇರಿಸಿ ಹೊರಗಿನಿಂದ ಯಂತ್ರದ ಸುತ್ತಿಗೆಗಳಿಂದ ಬಡಿದು ಉಕ್ಕನ್ನು ಅದರ ಮೇಲೆ ಬಿಗಿಯಾಗಿ ಕೂರಿಸಲಾಗುತ್ತದೆ. ಇಂದು ಕಾರ್ಖಾನೆಗಳಲ್ಲಿ ರಾಶಿರಾಶಿಯಾಗಿ ತಯಾರಾಗುವ ರೈಫಲ್ಲುಗಳಲ್ಲಿ ಹೀಗೆ ಬಡಿದು ಮಾಡಿದ ನಳಿಗೆಗಳು ಹೇರಳವಾಗಿವೆ.

ಸ್ಪರ್ಧೆಗಳಿಗೆ ನಳಿಗೆ ಒದಗಿಸುವ ಸಣ್ಣ ಕಾರ್ಯಾಗಾರಗಳು ಇಷ್ಟಕ್ಕೇ ನಿಲ್ಲುವುದಿಲ್ಲ. ಅಲ್ಲಿ ನಳಿಗೆಯೊಳಗೇ ಸೀಸವನ್ನು ಎರಕ ಹೊಯ್ದು, ಅದಕ್ಕೆ ನುಣ್ಣನೆಯ ಉಜ್ಜುಪುಡಿಯ ಲೇಪ ಹಚ್ಚಿ, ಕೈಯಿಂದ ಹಿಂದಕ್ಕೂ ಮುಂದಕ್ಕೂ ಎಳೆದಾಡುತ್ತ ಒಳಮೈಯ ಉಬ್ಬುತಗ್ಗುಗಳನ್ನು ಅಳಿಸುತ್ತಾರೆ. ಲ್ಯಾಪಿಂಗ್ ಎಂದು ಕರೆಯುವ ಈ ಕೆಲಸಕ್ಕೆ ಬಹಳ ನುರಿತ ಕೈ ಬೇಕು. ಲ್ಯಾಪಿಂಗ್ ಆದ ನಳಿಗೆಯ ಒಳಮೈಯಲ್ಲಿ ಉಳಿಯುವ ಅತಿಸೂಕ್ಷ್ಮ ಗೀರುಗಳು ಗುಂಡು ಸಾಗುವ ದಿಕ್ಕಿಗೇ ಇರುತ್ತವೆ, ಆದ್ದರಿಂದ ಅವು ಗುಂಡಿನ ಲೋಹವನ್ನು ಹೆರೆಯುವುದಿಲ್ಲ. ಒಳಮೈ ಕನ್ನಡಿಯಂತೆ ಹೊಳೆಯಬೇಕು ಎಂಬ ಜನಪ್ರಿಯ ನಂಬಿಕೆಯನ್ನೂ ಹಲವು ತಯಾರಕರು ಒಪ್ಪುವುದಿಲ್ಲ. ಅತಿಯಾದ ಹೊಳಪು ಬಂದರೆ ಗುಂಡು ಮತ್ತು ಉಕ್ಕು ಪರಸ್ಪರ ತಾಗುವ ವಿಸ್ತಾರ ಹೆಚ್ಚಿ, ತಾಮ್ರ ಇನ್ನಷ್ಟು ಅಂಟುತ್ತದೆ ಎಂಬುದು ಅವರ ಅನುಭವ.

ಹೀಗೆ ಎಲ್ಲವನ್ನೂ ನಯಗೊಳಿಸಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ, ವಿವಾದವೆಲ್ಲ ಹುಟ್ಟುವುದು ಅಲ್ಲಿ. ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಗೂಡನ್ನು, ಎಂದರೆ ಚೇಂಬರನ್ನು, ಕೊರೆಯಬೇಕು. ಈ ಗೂಡಿನ ಮುಂದೆ ಏಣುಗಳು ಒಮ್ಮೆಲೇ ಶುರುವಾಗದೆ ಇಳಿಜಾರಾಗಿ ಏಳುವಂತೆ ಒಂದು ಸಣ್ಣ ಪ್ರದೇಶವನ್ನು ರೂಪಿಸಬೇಕು, ಅದಕ್ಕೆ ಕಂಠ ಎಂದು ಹೆಸರು. ಗೂಡನ್ನೂ ಕಂಠವನ್ನೂ ಕೊರೆಯುವ ರೀಮರ್ ತನ್ನ ಅಕ್ಷದ ಸುತ್ತ ತಿರುಗುವುದರಿಂದ ಅದು ಬಿಡುವ ಗೀರುಗಳು ಗುಂಡಿನ ದಾರಿಗೆ ಅಡ್ಡಡ್ಡಲಾಗಿರುತ್ತವೆ; ಏಣಿನ ಆರಂಭದ ಅಂಚುಗಳಲ್ಲಿ ಸೂಕ್ಷ್ಮವಾದ ಮುಳ್ಳುಗಳೂ ನಿಲ್ಲಬಹುದು. ಲ್ಯಾಪಿಂಗ್ ಮುಗಿದ ಮೇಲೆ ಈ ಕೊರೆತ ನಡೆಯುವುದರಿಂದ, ಎಷ್ಟೇ ದುಬಾರಿಯ ನಳಿಗೆಯಾದರೂ ಅದರ ಕಂಠ ಮಾತ್ರ ನಯಗೊಳ್ಳದೆ ಉಳಿಯುತ್ತದೆ. ಅದೇ ಜಾಗದಲ್ಲಿಯೇ ಒತ್ತಡ ಮತ್ತು ಶಾಖ ಎರಡೂ ಶಿಖರಕ್ಕೇರುತ್ತವೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಕ್ರೀಗರ್ ಬ್ಯಾರೆಲ್ಸ್ ಸಂಸ್ಥೆ ಪಳಗಿಸುವ ಕ್ರಮಕ್ಕೆ ನೀಡುವ ಸಮರ್ಥನೆ ಈ ಕಂಠವನ್ನೇ ಆಧರಿಸಿದೆ, ಈವರೆಗೆ ಬಂದ ಸಮರ್ಥನೆಗಳಲ್ಲಿ ಅತ್ಯಂತ ತರ್ಕಬದ್ಧವಾದದ್ದೂ ಅದೇ. ಇಂದಿನ ಗುಂಡುಗಳ ಒಳತಿರುಳು ಸೀಸವಾದರೂ ಹೊರಹೊದಿಕೆ ಗಿಲ್ಡಿಂಗ್ ಮೆಟಲ್ ಎಂಬ ಮಿಶ್ರಲೋಹದ್ದು. ಅದರಲ್ಲಿ ಸಾಮಾನ್ಯವಾಗಿ 95 ಭಾಗ ತಾಮ್ರ, 5 ಭಾಗ ಸತು. ಗುಂಡು ಕಂಠದ ಅಡ್ಡಗೀರುಗಳ ಮೇಲೆ ಹಾದಾಗ ಅರದ ಮೇಲೆ ಎಳೆದಂತಾಗಿ ಹೊದಿಕೆಯಿಂದ ತಾಮ್ರದ ಪುಡಿ ಉದುರುತ್ತದೆ. ಹಿಂದಿನಿಂದ ಬರುವ ಅನಿಲದ ಶಾಖಕ್ಕೆ ಆ ಪುಡಿ ಆವಿಯಾಗಿ, ಗುಂಡಿನ ಬೆನ್ನಿಗೇ ಸಾಗಿ, ಮುಂದಿನ ತಂಪಾದ ಭಾಗದಲ್ಲಿ ಪದರವಾಗಿ ಕೂರುತ್ತದೆ. ಆ ಪದರದ ಮೇಲೆ ಮುಂದಿನ ಗುಂಡು ಹಾಯುವಾಗ ಲೋಹಕ್ಕೆ ಲೋಹ ಅಂಟಿ ಪದರ ದಪ್ಪವಾಗುತ್ತದೆ, ಗುಂಡುಗಳು ಚದುರತೊಡಗುತ್ತವೆ. ಕಂಠದ ಗೀರುಗಳು ಗುಂಡುಗಳ ಹಾಯುವಿಕೆಯಿಂದ ಕ್ರಮೇಣ ನಯವಾಗುತ್ತವೆಯಾದರೂ ಗೀರುಗಳ ಮೇಲೆ ತಾಮ್ರ ಕೂತುಬಿಟ್ಟರೆ ಆ ನಯಗೊಳಿಸುವಿಕೆ ತಡವಾಗುತ್ತದೆ. ಆದ್ದರಿಂದ ಆರಂಭದಲ್ಲಿ ಪ್ರತಿ ಗುಂಡಿನ ನಂತರವೂ ತಾಮ್ರವನ್ನು ತೆಗೆದು ಉಕ್ಕನ್ನು ಬರಿದಾಗಿಸಬೇಕು ಎಂಬುದು ವಾದದ ಸಾರ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ವಾದದ ಪ್ರಕಾರವೂ ಪಳಗುವುದು ಇಡೀ ನಳಿಗೆಯಲ್ಲ, ಕಂಠದ ಕೆಲವೇ ಮಿಲಿಮೀಟರುಗಳು. ಉಳಿದ ಭಾಗವನ್ನು ತಯಾರಕರ ಲ್ಯಾಪಿಂಗ್ ಆಗಲೇ ಪಳಗಿಸಿದೆ. ಗುಂಡು ಹಾರಿಸುವುದರಿಂದ ನಳಿಗೆಯ ಉದ್ದಕ್ಕೂ ನುಣುಪು ಬರುತ್ತದೆ ಎಂದು ನಂಬಿರುವ ಬಹುಪಾಲು ಬಳಕೆದಾರರು ಈ ಸೂಕ್ಷ್ಮವನ್ನು ಗಮನಿಸಿಲ್ಲ.

ತಾಮ್ರದ ಈ ತೊಂದರೆ ಕಲ್ಪಿತವಲ್ಲ ಎಂಬುದಕ್ಕೆ ಇತಿಹಾಸವೇ ಸಾಕ್ಷಿ. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಹೊಗೆರಹಿತ ಮದ್ದನ್ನು ಕಂಡುಹಿಡಿದು, ಗುಂಡಿನ ವೇಗ ಹಠಾತ್ತನೆ ಏರಿದಾಗ ಬರಿಯ ಸೀಸದ ಗುಂಡು ಆ ವೇಗವನ್ನು ತಾಳದಾಯಿತು, ಸ್ವಿಟ್ಜರ್ಲೆಂಡಿನ ಎಡ್ವರ್ಡ್ ರೂಬಿನ್ ರೂಪಿಸಿದ್ದ ಲೋಹದ ಹೊದಿಕೆಯ ಗುಂಡುಗಳು ಎಲ್ಲೆಡೆ ಅನಿವಾರ್ಯವಾದವು. 20ನೇ ಶತಮಾನದ ಆದಿಯಲ್ಲಿ ಅಮೆರಿಕದ ಸೈನ್ಯ ಬಳಸಿದ ಗುಂಡುಗಳ ಹೊದಿಕೆ ತಾಮ್ರ ಮತ್ತು ನಿಕ್ಕಲ್ಲಿನ ಮಿಶ್ರಲೋಹದ್ದಾಗಿದ್ದು, ಅದು ಸ್ಪ್ರಿಂಗ್‌ಫೀಲ್ಡ್ ರೈಫಲ್ಲುಗಳ ನಳಿಗೆಗಳಲ್ಲಿ ಗಂಟುಗಂಟಾಗಿ ಅಂಟುತ್ತಿತ್ತು. ಅದನ್ನು ಕರಗಿಸಲು ಸಿಪಾಯಿಗಳು ನಳಿಗೆಯ ಒಂದು ತುದಿಗೆ ಬಿರಡೆ ಜಡಿದು ಒಳಗೆ ತೀಕ್ಷ್ಣವಾದ ಅಮೋನಿಯಾ ದ್ರಾವಣ ತುಂಬಿಡಬೇಕಾಗುತ್ತಿತ್ತು. ಗುಂಡಿಗೆ ಗ್ರೀಸ್ ಸವರುವ ಅಪಾಯಕರ ಅಭ್ಯಾಸವೂ ಅಂಟನ್ನು ತಪ್ಪಿಸಲೆಂದೇ ಹರಡಿತ್ತು, 1921ರ ರಾಷ್ಟ್ರೀಯ ಸ್ಪರ್ಧೆಗಳಿಗೆ ತವರದ ಲೇಪವುಳ್ಳ ಗುಂಡುಗಳನ್ನು ತಯಾರಿಸಿ ನೋಡಿದ್ದೂ ಉಂಟು. ಕೊನೆಗೆ ಈ ಪಿಡುಗು ತಗ್ಗಿದ್ದು ಹೊದಿಕೆಯ ಲೋಹವನ್ನೇ ಬದಲಿಸಿ ಗಿಲ್ಡಿಂಗ್ ಮೆಟಲನ್ನು ತಂದಾಗ. ಜೊತೆಗೆ ಮದ್ದಿನಲ್ಲೇ ಅಲ್ಪ ಪ್ರಮಾಣದ ತವರವನ್ನೋ ಬಿಸ್ಮತ್ತನ್ನೋ ಬೆರೆಸಿದರೆ ತಾಮ್ರ ಅಂಟುವುದು ಕಡಿಮೆಯಾಗುತ್ತದೆ ಎಂಬ ಫ್ರೆಂಚರ ಅರಿವು ಫಿರಂಗಿಗಳಿಂದ ರೈಫಲ್ಲುಗಳಿಗೂ ಬಂದಿತು. ಅಮೆರಿಕದ ಹಾಜ್‌ಡನ್ ಸಂಸ್ಥೆಯ ಸಿಎಫ್‌ಇ 223 ಎಂಬ ಇಂದಿನ ಮದ್ದಿನ ಹೆಸರಿನಲ್ಲಿಯೇ ತಾಮ್ರವನ್ನು ಅಳಿಸುವ ಭರವಸೆಯಿದೆ. ನಳಿಗೆಯ ಒಳಗಿನ ತಾಮ್ರವನ್ನು ನಿಜವಾಗಿ ಹತೋಟಿಗೆ ತಂದದ್ದು ಲೋಹಶಾಸ್ತ್ರ ಮತ್ತು ರಸಾಯನಶಾಸ್ತ್ರ.

ಇನ್ನು ಪಳಗಿಸುವಿಕೆಯ ವಿರೋಧಿಗಳ ಮಾತು. ಅರಿಜೋನಾದ ಹೆಸರಾಂತ ರೈಫಲ್ ತಯಾರಕರಾಗಿದ್ದ, ಸ್ವತಃ ನಳಿಗೆಗಳನ್ನು ಮಾಡಿ ಬೆಂಚ್‌ರೆಸ್ಟ್ ಸ್ಪರ್ಧೆಗಳಲ್ಲಿ ಪಾಲ್ಗೊಂಡಿದ್ದ ಗೇಲ್ ಮೆಕ್‌ಮಿಲನ್ ಈ ಕ್ರಮವನ್ನು ಬಲವಾಗಿ ಅಲ್ಲಗಳೆದರು: ನಳಿಗೆಗೆ ನಿಗದಿಯಾದ ಆಯುಷ್ಯವಿದೆ, ಹಾರಿಸಿದ ಒಂದೊಂದು ಗುಂಡೂ ಅದರಿಂದ ಒಂದು ಪಾಲನ್ನು ಕಳೆಯುತ್ತದೆ, ಆದ್ದರಿಂದ ಪಳಗಿಸಲೆಂದೇ ಹಾರಿಸಿದ ಗುಂಡುಗಳಿಂದ ಲಾಭವಾಗುವುದು ಹೊಸ ನಳಿಗೆ ಮಾರುವವರಿಗೆ ಎಂಬುದು ಅವರ ವಾದದ ತಿರುಳಾಗಿತ್ತು. ಟೆಕ್ಸಸ್ ರಾಜ್ಯದ ಶೈಲನ್ ಸಂಸ್ಥೆಯ ನಿಲುವು ಇನ್ನೂ ಕುತೂಹಲಕರ. ತಾವು ಪಳಗಿಸುವ ವಿಧಾನವೊಂದನ್ನು ಪ್ರಕಟಿಸಿದ್ದು ಮುಖ್ಯವಾಗಿ ಗ್ರಾಹಕರು ಅಂಥದ್ದೊಂದು ಇರಬೇಕೆಂದು ಬಯಸಿದ್ದರಿಂದಲೇ, ತಮ್ಮ ದೃಷ್ಟಿಯಲ್ಲಿ ಅದು ದೊಡ್ಡ ವಿಷಯವಲ್ಲ ಎಂದು ಆ ಸಂಸ್ಥೆ ಮುಚ್ಚುಮರೆಯಿಲ್ಲದೆ ತಿಳಿಸಿದೆ. ಗ್ರಾಹಕರ ವಿಶ್ವಾಸವೇ ಒಂದು ತಾಂತ್ರಿಕ ವಿಧಿಯನ್ನು ಹುಟ್ಟಿಸಬಲ್ಲದೆಂಬುದನ್ನು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಂಡ ತಯಾರಕರು ವಿರಳ, ಆ ಪ್ರಾಮಾಣಿಕತೆ ಗೌರವಕ್ಕೆ ಅರ್ಹವಾದದ್ದು.

ಮೆಕ್‌ಮಿಲನ್ನರ ವಾದದಲ್ಲಿ ಅತಿಶಯವಿದ್ದರೂ ಅದರ ಬುಡದಲ್ಲಿ ಒಂದು ಗಟ್ಟಿಯಾದ ಭೌತಿಕ ಸತ್ಯವಿದೆ. ತಾಮ್ರ ಉಕ್ಕಿಗಿಂತ ಬಹಳ ಮೆದು. ಹಾಗಿರುವಾಗ ತಾಮ್ರದ ಹೊದಿಕೆಯ ಗುಂಡು ಉಕ್ಕಿನ ಗೀರುಗಳನ್ನು ನಯಗೊಳಿಸುವುದು ಹೇಗೆ ಎಂದು ಕೇಳಿದರೆ, ಆ ಕೆಲಸದ ದೊಡ್ಡ ಪಾಲು ಗುಂಡಿನದಲ್ಲ, ಅದರ ಹಿಂದಿರುವ ಅನಿಲದ್ದು ಎಂದು ಒಪ್ಪಬೇಕಾಗುತ್ತದೆ. ಎರಡು ಸಾವಿರ ಡಿಗ್ರಿ ಸೆಲ್ಸಿಯಸ್ಸನ್ನು ಮೀರಿದ ಆ ಅನಿಲ ಕಂಠದ ಮೇಲ್ಮೈಯನ್ನು ಪ್ರತಿ ಸಲವೂ ಕ್ಷಣಮಾತ್ರ ಕಾಯಿಸಿ ಬಿಡುವುದರಿಂದ ಮುಳ್ಳುಗಳ ತುದಿಗಳು ಮೊದಲು ಸವೆಯುತ್ತವೆ. ಅದೇ ಕ್ರಿಯೆ ಮುಂದುವರಿದಾಗ ಮೇಲ್ಮೈಯಲ್ಲಿ ಬಲೆಬಲೆಯಾದ ಬಿರುಕುಗಳು ಮೂಡಿ, ಏಣುಗಳ ಆರಂಭ ಕರಗಿ ಮುಂದೆ ಮುಂದೆ ಸರಿದು, ಕೊನೆಗೆ ನಳಿಗೆ ನಿರುಪಯುಕ್ತವಾಗುತ್ತದೆ. ಪಳಗುವುದೂ ಸವೆಯುವುದೂ ಎರಡು ಬೇರೆ ಬೇರೆ ಘಟನೆಗಳಲ್ಲ, ಒಂದೇ ಕ್ರಿಯೆಯ ಮೊದಲ ಮತ್ತು ಕೊನೆಯ ಹಂತಗಳು. ಆದರೂ ಆಯುಷ್ಯದ ಲೆಕ್ಕವನ್ನು ಸಮಚಿತ್ತದಿಂದ ಹಾಕಬೇಕು: .308 ವಿಂಚೆಸ್ಟರಿನ ನಳಿಗೆ ಸ್ಪರ್ಧೆಯ ಮಟ್ಟದ ನಿಖರತೆಯನ್ನು ಐದು ಸಾವಿರ ಗುಂಡುಗಳ ಆಸುಪಾಸಿನವರೆಗೂ ಉಳಿಸಿಕೊಳ್ಳಬಲ್ಲದು, 6.5 ಕ್ರೀಡ್‌ಮೋರ್ ತೋಟಾದ್ದು ಎರಡರಿಂದ ಮೂರು ಸಾವಿರದವರೆಗೆ ಬಾಳುತ್ತದೆ. ಇಪ್ಪತ್ತು ಗುಂಡುಗಳು ಮೊದಲನೆಯದರಲ್ಲಿ ಗಣನೆಗೇ ಬಾರವು, ಎರಡನೆಯದರಲ್ಲಿ ಹೆಚ್ಚೆಂದರೆ ನೂರಕ್ಕೆ ಒಂದು ಪಾಲು.

ವಿವಾದ ಇಷ್ಟು ದಶಕಗಳಿಂದ ಬಗೆಹರಿಯದೆ ಉಳಿದಿರುವುದಕ್ಕೆ ಕಾರಣ ಪರೀಕ್ಷೆಯ ಕಷ್ಟದಲ್ಲಿದೆ. ಯಾವ ನಳಿಗೆಯನ್ನೂ ಎರಡು ಸಲ ಹೊಸದಾಗಿ ಬಳಸಲು ಬರುವುದಿಲ್ಲ. ಪಳಗಿಸಿದ ನಳಿಗೆ ಚೆನ್ನಾಗಿ ಹೊಡೆದರೆ ಅದು ಪಳಗಿಸಿದ್ದರಿಂದಲೇ ಹಾಗಾಯಿತೋ ಪಳಗಿಸದಿದ್ದರೂ ಹಾಗೆಯೇ ಹೊಡೆಯುತ್ತಿತ್ತೋ ಎಂದು ಹೇಳಲಾಗದು. ಒಂದೇ ಕಾರ್ಖಾನೆಯ, ಒಂದೇ ದಿನ ತಯಾರಾದ ಎರಡು ನಳಿಗೆಗಳೂ ತಾಮ್ರ ಹಿಡಿಯುವುದರಲ್ಲಿ ಒಂದರಂತೆ ಒಂದು ಇರುವುದಿಲ್ಲವಾದ್ದರಿಂದ, ನಂಬಬಹುದಾದ ಫಲಿತಾಂಶ ಬೇಕೆಂದರೆ ಹತ್ತಾರು ನಳಿಗೆಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪು ಮಾಡಿ, ಒಂದನ್ನು ಪಳಗಿಸಿ ಇನ್ನೊಂದನ್ನು ಬಿಟ್ಟು, ಪ್ರತಿಯೊಂದರಿಂದಲೂ ನೂರಾರು ಗುಂಡುಗಳನ್ನು ಹಾರಿಸಿ ಹೋಲಿಸಬೇಕು. ಅಂಥ ವೆಚ್ಚವನ್ನು ಹವ್ಯಾಸಿಗಳು ಹೊರಲಾರರು. ಅದರ ಬದಲು ಬಳಕೆದಾರರು ಮೂರು ಅಥವಾ ಐದು ಗುಂಡುಗಳ ಗುಂಪಿನ ಅಗಲವನ್ನು ಅಳೆದು ತೀರ್ಮಾನಕ್ಕೆ ಬರುತ್ತಾರೆ. ಇಷ್ಟು ಕಡಿಮೆ ಗುಂಡುಗಳ ಗುಂಪು ಕೇವಲ ಆಕಸ್ಮಿಕದಿಂದಲೇ ಬಹಳ ಏರಿಳಿಯುತ್ತದೆ, ಒಂದೇ ರೈಫಲ್, ಒಂದೇ ತೋಟಾ, ಒಂದೇ ಕೈ ಇದ್ದರೂ ಬೆನ್ನುಬೆನ್ನಿಗೆ ಹೊಡೆದ ಎರಡು ಗುಂಪುಗಳಲ್ಲಿ ಒಂದು ಇನ್ನೊಂದಕ್ಕಿಂತ ಹೆಚ್ಚುಕಡಿಮೆ ಇಮ್ಮಡಿ ಅಗಲವಾಗಿರುವುದು ಅಪರೂಪವಲ್ಲ. ಪಳಗಿಸಿದ ಮೇಲೆ ಗುಂಪು ಕಿರಿದಾಯಿತು ಎಂಬ ಸಾಕ್ಷ್ಯಗಳಲ್ಲಿ ಬಹುಪಾಲು ಈ ಏರಿಳಿತವನ್ನು ದಾಟಿ ನಿಲ್ಲುವಂಥವಲ್ಲ. ಮೇಲಾಗಿ, ತಾನು ಇಡೀ ದಿನ ಶ್ರಮಪಟ್ಟು ಪಳಗಿಸಿದ ನಳಿಗೆ ಸುಧಾರಿಸಲಿಲ್ಲ ಎಂದು ಒಪ್ಪಿಕೊಳ್ಳಲು ಯಾರಿಗೂ ಮನಸ್ಸಾಗುವುದಿಲ್ಲ.

ಹೊಸ ನಳಿಗೆಯಲ್ಲಿ ಅಳೆದು ತೋರಿಸಬಹುದಾದ ಬದಲಾವಣೆಯೊಂದು ಮಾತ್ರ ನಿಜವಾಗಿಯೂ ಇದೆ, ಅದು ಗುಂಡಿನ ವೇಗಕ್ಕೆ ಸಂಬಂಧಿಸಿದ್ದು. ಮೊದಲ ನೂರರಿಂದ ಇನ್ನೂರು ಗುಂಡುಗಳ ಅವಧಿಯಲ್ಲಿ ಹಲವು ನಳಿಗೆಗಳು ಅದೇ ತೋಟಾದಿಂದ ಗುಂಡನ್ನು ಕ್ರಮೇಣ ಹೆಚ್ಚು ವೇಗವಾಗಿ ಹೊರಹಾಕತೊಡಗಿ, ಆಮೇಲೆ ಒಂದು ಮಟ್ಟದಲ್ಲಿ ಸ್ಥಿರಗೊಳ್ಳುತ್ತವೆ. ದೂರದ ಗುರಿಗೆ ಹೊಡೆಯುವವರು ಗುಂಡು ಎಷ್ಟು ಇಳಿಯುತ್ತದೆ ಎಂಬ ಲೆಕ್ಕವನ್ನು ವೇಗದ ಮೇಲೆಯೇ ಕಟ್ಟುವುದರಿಂದ, ಮತ್ತು ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವವರಿಗೆ ವೇಗ ಏರುವುದೆಂದರೆ ಒತ್ತಡವೂ ಏರಿರುವ ಸಂಭವವಿರುವುದರಿಂದ, ಮೊದಲ ನೂರೈವತ್ತು ಗುಂಡುಗಳಾಗುವ ಮುನ್ನವೇ ಅಂತಿಮ ಲೆಕ್ಕಾಚಾರಗಳನ್ನು ನಿಗದಿಪಡಿಸುವುದು ಅವಿವೇಕ. ಗಮನಾರ್ಹವೆಂದರೆ, ಈ ಬದಲಾವಣೆ ಒಂದೊಂದೇ ಗುಂಡಿಗೆ ತೊಳೆದರೂ ತೊಳೆಯದಿದ್ದರೂ ಹಾರಿಸುತ್ತ ಹೋದಂತೆ ತಾನಾಗಿಯೇ ಆಗುತ್ತದೆ.

ತೊಳೆಯುವ ಕೆಲಸ ನಿರಪಾಯಕರವೆಂಬ ಭಾವನೆಯನ್ನಂತೂ ಬಿಡಲೇಬೇಕು. ಪಳಗಿಸುವ ಹುಮ್ಮಸ್ಸಿನಲ್ಲಿ ಒಂದೇ ದಿನ ಹತ್ತಿಪ್ಪತ್ತು ಬಾರಿ ಲೋಹದ ಸರಳನ್ನು ನಳಿಗೆಯೊಳಗೆ ತೂರಿಸುವವರು, ಅದರಲ್ಲೂ ಬಾಗುವ, ತುಂಡುತುಂಡಾಗಿ ಜೋಡಿಸುವ ಅಗ್ಗದ ಸರಳನ್ನು ಬಳಸುವವರು, ಕಂಠದ ಮೇಲೂ ನಳಿಗೆಯ ಬಾಯಂಚಿನ ಮೇಲೂ ಉಂಟುಮಾಡುವ ಗಾಯಗಳು ಗುಂಡುಗಳು ಮಾಡುವ ಸವೆತಕ್ಕಿಂತ ಕೆಟ್ಟವು. ಗುಂಡು ನಳಿಗೆಯನ್ನು ಬಿಡುವಾಗ ಅದರ ಹಿಂಬದಿಯ ಸುತ್ತ ಅನಿಲ ಎಲ್ಲ ಕಡೆಯೂ ಏಕಕಾಲಕ್ಕೆ ಸಮನಾಗಿ ಹೊರಬೀಳಬೇಕು. ಬಾಯಂಚಿನ ಒಂದು ಬದಿ ಸರಳಿಗೆ ತಾಗಿ ಸವೆದರೆ ಅನಿಲ ಅಲ್ಲಿ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ, ಆಮೇಲೆ ಎಷ್ಟು ಪಳಗಿಸಿದರೂ ವ್ಯರ್ಥ. ಆದ್ದರಿಂದ ಸಾಧ್ಯವಿರುವ ರೈಫಲ್ಲುಗಳಲ್ಲೆಲ್ಲ ಹಿಂಬದಿಯಿಂದಲೇ, ಸರಳನ್ನು ನಟ್ಟನಡುವೆ ಹಿಡಿದಿಡುವ ಬೋರ್ ಗೈಡ್ ಎಂಬ ಕೊಳವೆಯ ಮೂಲಕವೇ, ಏಕಖಂಡವಾದ ಲೇಪಿತ ಸರಳಿನಿಂದ ಶುಚಿಗೊಳಿಸಬೇಕು ಎಂಬುದು ತಜ್ಞರೆಲ್ಲರೂ ಜಗಳವಿಲ್ಲದೆ ಒಪ್ಪುವ ಮಾತು. ತಾಮ್ರವನ್ನು ಕರಗಿಸುವ ಅಮೋನಿಯಾಯುಕ್ತ ದ್ರಾವಣದಲ್ಲಿ ಅದ್ದಿದ ಬಟ್ಟೆಯ ತುಣುಕು ನೀಲಿಬಣ್ಣಕ್ಕೆ ತಿರುಗಿ ಹೊರಬಂದರೆ ಒಳಗೆ ತಾಮ್ರವಿದೆ ಎಂದರ್ಥ; ಆದರೆ ಸರಳಿನ ತುದಿಯ ಹಿತ್ತಾಳೆಯ ಮೊನೆಯಲ್ಲೂ ತಾಮ್ರವಿರುವುದರಿಂದ ಅದೂ ಬಟ್ಟೆಯನ್ನು ನೀಲಿಯಾಗಿಸುತ್ತದೆ, ಎಂದೋ ಶುಚಿಯಾಗಿರುವ ನಳಿಗೆಯನ್ನು ಗಂಟೆಗಟ್ಟಲೆ ಉಜ್ಜುವವರು ತಮ್ಮದೇ ಉಪಕರಣದ ತಾಮ್ರವನ್ನು ಕರಗಿಸುತ್ತಿರುತ್ತಾರೆ. ನೈಲಾನ್ ಅಥವಾ ನಿಕ್ಕಲ್ ಲೇಪದ ಮೊನೆ ಬಳಸಿದರೆ ಈ ಭ್ರಮೆ ತಪ್ಪುತ್ತದೆ. ಇಂಥ ದ್ರಾವಣವನ್ನು ಅದರ ತಯಾರಕರು ಹೇಳಿದ ಅವಧಿಗಿಂತ ಹೆಚ್ಚು ಹೊತ್ತು ನಳಿಗೆಯಲ್ಲಿ ಬಿಡಬಾರದು, ಗಾಳಿಯಾಡುವ ಜಾಗದಲ್ಲೇ ಬಳಸಬೇಕು, ಕೊನೆಯಲ್ಲಿ ನಳಿಗೆ ಮತ್ತು ಗೂಡು ಎರಡನ್ನೂ ಒಣಗಿಸಬೇಕು. ಇದೆಲ್ಲಕ್ಕೂ ಮೊದಲು ರೈಫಲ್ಲಿನಲ್ಲಿ ತೋಟಾ ಇಲ್ಲವೆಂಬುದನ್ನು ಕಣ್ಣಾರೆ ಕಂಡು ಖಚಿತಪಡಿಸಿಕೊಂಡಿರಬೇಕು ಎಂಬುದನ್ನು ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಪಳಗಿಸುವ ಪ್ರಶ್ನೆಯೇ ಏಳದ ನಳಿಗೆಗಳೂ ಇವೆ. ಸೈನಿಕ ರೈಫಲ್ಲುಗಳ ನಳಿಗೆಗಳಲ್ಲಿ ಅನೇಕವು ಒಳಗೆ ಗಟ್ಟಿ ಕ್ರೋಮಿಯಂ ಲೇಪ ಹೊಂದಿರುತ್ತವೆ. ಆ ಲೇಪ ಉಕ್ಕಿಗಿಂತ ಎಷ್ಟೋ ಗಡುಸಾದದ್ದರಿಂದ ಹತ್ತಿಪ್ಪತ್ತು ಗುಂಡುಗಳಿಂದ ಅದರಲ್ಲಿ ಯಾವ ನಯಗಾರಿಕೆಯನ್ನೂ ನಿರೀಕ್ಷಿಸಲಾಗದು. ಸಾರಜನಕವನ್ನು ಉಕ್ಕಿನ ಮೇಲ್ಪದರಕ್ಕೆ ಸೇರಿಸಿ ಗಡುಸು ಮಾಡುವ ನೈಟ್ರೈಡಿಂಗ್ ಸಂಸ್ಕಾರಕ್ಕೆ ಒಳಗಾದ ನಳಿಗೆಗಳಿಗೂ ಇದೇ ಅನ್ವಯಿಸುತ್ತದೆ, ಕಂಠವನ್ನು ಪಳಗಿಸುವುದಾದರೆ ಆ ಸಂಸ್ಕಾರಕ್ಕೆ ಮೊದಲೇ ಮಾಡಿರಬೇಕಿತ್ತು. ಬಡಿದು ಮಾಡಿದ ನಳಿಗೆಗಳಲ್ಲಿ ಕೆಲವು ಕಾರ್ಖಾನೆಗಳು ತೋಡುಗಳ ಜೊತೆಗೆ ಗೂಡು ಮತ್ತು ಕಂಠವನ್ನೂ ಅದೇ ಏಟಿನಲ್ಲಿ ರೂಪಿಸುವುದರಿಂದ ಅಲ್ಲಿ ರೀಮರಿನ ಅಡ್ಡಗೀರುಗಳೇ ಇರುವುದಿಲ್ಲ, ಗೀರಿಲ್ಲದ ಮೇಲೆ ಕ್ರೀಗರ್ ಸಂಸ್ಥೆಯ ತರ್ಕಕ್ಕೂ ಅಲ್ಲಿ ನೆಲೆಯಿಲ್ಲ. ಇನ್ನೊಂದು ತುದಿಯಲ್ಲಿ, ಒಳಮೈ ತೀರ ಒರಟಾಗಿರುವ ಅಗ್ಗದ ನಳಿಗೆಗಳಿಗೆ ಪಳಗಿಸುವಿಕೆಯಿಂದ ಸಿಗುವ ಪ್ರಯೋಜನ ಅತ್ಯಲ್ಪ. ಅಂಥವಕ್ಕೆಂದೇ ಅಮೆರಿಕದ ಚಾಂಪಿಯನ್ ಗುರಿಕಾರ ಡೇವಿಡ್ ಟಬ್ ಉಜ್ಜುಪುಡಿ ಲೇಪಿಸಿದ ಗುಂಡುಗಳ ಸರಣಿಯನ್ನು ಮಾರುಕಟ್ಟೆಗೆ ತಂದಿದ್ದಾರೆ, ಆದರೆ ಒಮ್ಮೆ ಉಜ್ಜಿ ತೆಗೆದ ಉಕ್ಕನ್ನು ಮರಳಿ ತರಲಾಗದ್ದರಿಂದ ಅದನ್ನು ಕೊನೆಯ ಉಪಾಯವಾಗಿಯಷ್ಟೇ ಪರಿಗಣಿಸಬೇಕು.

.22 ಲಾಂಗ್ ರೈಫಲ್ ಎಂಬ ಸಣ್ಣ ತೋಟಾದ ವಿಷಯ ಪೂರ್ತಿ ಬೇರೆ. ಒಲಿಂಪಿಕ್ಸಿನ 50 ಮೀಟರ್ ಸ್ಪರ್ಧೆಗಳಲ್ಲಿ, ಎಂದರೆ 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಭಾರತಕ್ಕೆ ಕಂಚು ತಂದ ಆ ವಿಭಾಗದಲ್ಲಿ, ಬಳಸುವ ಈ ತೋಟಾದ ಗುಂಡು ತಾಮ್ರದ ಹೊದಿಕೆಯಿಲ್ಲದ, ಮೇಣದಂಥ ಜಿಡ್ಡು ಲೇಪಿಸಿದ ಸೀಸದ್ದು. ಒತ್ತಡ ಕಡಿಮೆ, ಶಾಖ ಕಡಿಮೆ, ಆಯುಷ್ಯ ಹತ್ತಾರು ಸಾವಿರ ಗುಂಡುಗಳು. ಇಲ್ಲಿ ನಳಿಗೆಯನ್ನು ಪೂರ್ತಿ ತೊಳೆದರೆ ನಿಖರತೆ ತಾತ್ಕಾಲಿಕವಾಗಿ ಕುಗ್ಗುತ್ತದೆ, ಕೆಲವು ಗುಂಡುಗಳು ಹಾದು ಜಿಡ್ಡಿನ ಸಮನಾದ ಪದರ ಮತ್ತೆ ಕೂತ ಮೇಲಷ್ಟೇ ಅದು ಮರಳುತ್ತದೆ. ಒಂದೊಂದೇ ಗುಂಡಿಗೆ ತೊಳೆಯುವ ಪದ್ಧತಿ ಇಲ್ಲಿ ಗುರಿಕಾರರ ಅಗತ್ಯಕ್ಕೆ ನೇರವಾಗಿ ವಿರುದ್ಧವಾದದ್ದು.

ಕರ್ನಾಟಕದ ಓದುಗರಿಗೆ ಈ ಮಾತು ಕೊಡಗಿನ ಸಂದರ್ಭದಲ್ಲಿ ಪ್ರಸ್ತುತ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಪರವಾನಗಿಯಿಂದ ಬ್ರಿಟಿಷರ ಕಾಲದಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷ ಮುಂದುವರಿಸಿತು, ಅದರ ಸಿಂಧುತ್ವವನ್ನು ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ಎತ್ತಿಹಿಡಿಯಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಪೂಜೆಗೊಳ್ಳುವ ಮನೆತನದ ಕೋವಿಗಳಲ್ಲಿ ಹೆಚ್ಚಿನವು ಒಂಟಿ ನಳಿಗೆಯ ಅಥವಾ ಜೋಡಿ ನಳಿಗೆಯ 12 ಬೋರ್ ಕೋವಿಗಳು; ಅವುಗಳ ಒಳಮೈಯಲ್ಲಿ ಸುರುಳಿ ತೋಡುಗಳಿಲ್ಲ, ಅವು ಹಾರಿಸುವ ಸೀಸದ ಚರೆಗಳಿಗೆ ತಾಮ್ರದ ಹೊದಿಕೆಯೂ ಇಲ್ಲ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳಲ್ಲಿ ಕಾಣುವ .22 ರೈಫಲ್ಲುಗಳ ಮಾತು ಮೇಲೆಯೇ ಬಂದಿದೆ. ಆದ್ದರಿಂದ ಅಮೆರಿಕದ ಪಳಗಿಸುವ ವಿಧಿಯನ್ನು ಕೊಡಗಿನ ಬಹುಪಾಲು ಕೋವಿಗಳಿಗೆ ಅನ್ವಯಿಸುವ ಅಗತ್ಯವೇ ಇಲ್ಲ. ಅಲ್ಲಿನ ಸುದೀರ್ಘ ಮಳೆಗಾಲದಲ್ಲಿ ಅವುಗಳ ನಿಜವಾದ ವೈರಿ ತುಕ್ಕು, ಬೇಕಾದ ಆರೈಕೆ ಒಣಬಟ್ಟೆ ಮತ್ತು ಎಣ್ಣೆಯದು.

ಹಾಗಾದರೆ ತಾಮ್ರದ ಹೊದಿಕೆಯ ಗುಂಡು ಹಾರಿಸುವ, ರೀಮರಿನಿಂದ ಕಂಠ ಕೊರೆದ ಹೊಸ ನಳಿಗೆಯನ್ನು ಕೈಗೆತ್ತಿಕೊಂಡವರು ಮಾಡಬೇಕಾದದ್ದೇನು? ಮೊದಲ ಗುಂಡಿಗೆ ಮುನ್ನ ನಳಿಗೆಯನ್ನು ಒಮ್ಮೆ ಚೆನ್ನಾಗಿ ಶುಚಿಗೊಳಿಸುವುದು ಕಡ್ಡಾಯ, ಏಕೆಂದರೆ ಕಾರ್ಖಾನೆಯ ರಕ್ಷಕ ಎಣ್ಣೆ, ಲ್ಯಾಪಿಂಗಿನ ಪುಡಿ, ಲೋಹದ ಚೂರು ಒಳಗೆ ಉಳಿದಿರಬಹುದು, ದಾರಿಯಲ್ಲಿ ಅಡಚಣೆಯಿದ್ದರೆ ಅದು ಪ್ರಾಣಾಂತಿಕ. ಬಳಿಕ ಒಂದು ಗುಂಡು ಹಾರಿಸಿ, ತಾಮ್ರ ಕರಗಿಸುವ ದ್ರಾವಣದಿಂದ ತೊಳೆದು, ಬಟ್ಟೆಗೆ ಹತ್ತಿದ ನೀಲಿ ಎಷ್ಟು, ಅದು ಎಷ್ಟು ಬೇಗ ಮಾಯವಾಯಿತು ಎಂಬುದನ್ನು ಗಮನಿಸಬೇಕು. ನಳಿಗೆಯ ಒಳಗನ್ನು ತೋರಿಸುವ ಬೋರೋಸ್ಕೋಪ್ ಎಂಬ ಪುಟ್ಟ ಕ್ಯಾಮೆರಾ ಈಚಿನ ವರ್ಷಗಳಲ್ಲಿ ಅಗ್ಗವಾಗಿರುವುದರಿಂದ ಕಂಠದ ಗೀರುಗಳನ್ನೂ ತಾಮ್ರದ ಗೆರೆಗಳನ್ನೂ ಕಣ್ಣಿನಿಂದಲೇ ನೋಡಬಹುದು, ಆದರೆ ಅದರಲ್ಲಿ ಹಲವು ಪಟ್ಟು ಹಿಗ್ಗಿ ಕಾಣುವ ಗೀರುಗಳನ್ನು ಕಂಡು ಗಾಬರಿಯಾಗಬಾರದು, ಗೆಲ್ಲುವ ನಳಿಗೆಗಳಲ್ಲೂ ಅವು ಇರುತ್ತವೆ. ಎರಡು ಮೂರು ಸುತ್ತಿನಲ್ಲೇ ನೀಲಿ ಇಳಿದರೆ ಕಂಠ ಮೊದಲೇ ನಯವಾಗಿತ್ತೆಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕು. ಇಳಿಯದಿದ್ದರೆ ಐದಾರು ಸುತ್ತಿನವರೆಗೆ ಒಂದೊಂದಾಗಿ, ಆಮೇಲೆ ಮೂರು ಗುಂಡಿಗೊಮ್ಮೆ, ಐದು ಗುಂಡಿಗೊಮ್ಮೆ ತೊಳೆದು ನೋಡಬಹುದು. ತುಕ್ಕುನಿರೋಧಕ ಉಕ್ಕು ಸಾಮಾನ್ಯವಾಗಿ ಬೇಗ ಪಳಗುತ್ತದೆ, ಕ್ರೋಮ್-ಮಾಲಿಬ್ಡಿನಂ ಉಕ್ಕು ತುಸು ಹೆಚ್ಚು ಸುತ್ತು ಕೇಳುತ್ತದೆ ಎಂದು ತಯಾರಕರು ಹೇಳುತ್ತಾರೆ. ಸಂಖ್ಯೆಯನ್ನು ಮೊದಲೇ ನಿಗದಿ ಮಾಡಿಕೊಂಡು ಕುರುಡಾಗಿ ಪಾಲಿಸುವುದಕ್ಕಿಂತ ತಾಮ್ರದ ಗುರುತನ್ನು ನೋಡಿ ನಡೆಯುವ ಈ ಕ್ರಮವೇ ಮೇಲು, ಇದಕ್ಕೆ ಖರ್ಚಾಗುವ ಗುಂಡುಗಳನ್ನು ರೈಫಲ್ಲಿನ ದೂರದರ್ಶಕದ ಗುರಿ ಹೊಂದಿಸಲು ಬಳಸಿಕೊಂಡರೆ ಒಂದೂ ವ್ಯರ್ಥವಾಗುವುದಿಲ್ಲ. ತಯಾರಕರು ಲಿಖಿತ ಸೂಚನೆ ಕೊಟ್ಟಿದ್ದರೆ ಅದನ್ನೇ ಅನುಸರಿಸಬೇಕು. ಕಂಠವನ್ನು ಹೇಗೆ ಕೊರೆಯಲಾಗಿದೆ ಎಂಬುದು ಅವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿದಿರಲಾರದು. ಹೊಸ ನಳಿಗೆಗೆ ಹಣ ತೆತ್ತವರು ಪಳಗಿಸಲು ತೊಡಗುವ ಮುನ್ನ, ಅದರ ಅಳತೆಗೆ ಸರಿಹೊಂದುವ ಒಳ್ಳೆಯ ಬೋರ್ ಗೈಡ್ ಒಂದನ್ನೂ ಏಕಖಂಡದ ಸರಳನ್ನೂ ತಪ್ಪದೆ ಕೊಳ್ಳಲಿ.